ತಟ್ಟೆ ತೊಳೆದ ನೀರು

ರುದ್ರಮ್ಮ ಸಿಟ್ಟು ಬಂದರೆ ಕೂಗಾಡುವವಳಲ್ಲ, ಎತ್ತಿಟ್ಟುಕೊಳ್ಳುವವಳು. ಪಕ್ಕದ ಮನೆಯವಳು ಕಾಯಿ ತುರಿಯುವ ಮಣೆ ಒಯ್ದು ವಾಪಸ್ ಕೊಡದೆ ಹೋದಾಗ ಎಷ್ಟೋ ವರ್ಷ ತುಟಿಪಿಟಕ್ಕೆನ್ನದೆ ಕಾದಳು. ಕೊನೆಗೆ ಅವರ ಗೃಹಪ್ರವೇಶದ ದಿನ, ಪಂಕ್ತಿ ತುಂಬ ಜನ ಕೂತಿರುವಾಗ, "ನಮ್ ತುರಿಯೋ ಮಣೆ ಎಲ್ಲಿಟ್ಟಿದ್ದೀಯವ್ವ?" ಎಂದು ಕೇಳಿದಳು. ಗಂಡ ತೀರಿಕೊಂಡ ಮೇಲೆ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ವಿಭೂತಿ, ಊದಿನಕಡ್ಡಿ, ಕರ್ಪೂರದ ಪುಟ್ಟ ಅಂಗಡಿ ನಡೆಸಿ ಮಗಳು ಮೇಘಶ್ರೀಯನ್ನು ಓದಿಸಿ ಟೀಚರ್ ಮಾಡಿದ್ದಳು. ಅಂಥವಳ ಮಗಳ ತಂಟೆಗೆ ಷಡಕ್ಷರಪ್ಪ ಹೋಗಬಾರದಿತ್ತು.

ಷಡಕ್ಷರಪ್ಪ ಅವಳ ಗಂಡನ ದೊಡ್ಡಪ್ಪನ ಮಗ, ಕೊಬ್ಬರಿ ಮಂಡಿಯ ಯಜಮಾನ. ಹಣೆ ತುಂಬ ವಿಭೂತಿ, ಬಾಯಿ ತುಂಬ ಆಚಾರ. ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ಬಳಿದು, ಆ ನೀರನ್ನೂ ಕುಡಿಯುವುದು ಹಿಂದಿನವರ ಪದ್ಧತಿ. ಪ್ರಸಾದದ ಒಂದಗುಳೂ ಹಾಳಾಗಬಾರದೆಂದು. ಬಂಧುಬಳಗದಲ್ಲಿ ಅದನ್ನು ಇನ್ನೂ ಬಿಡದವನು ಅವನೊಬ್ಬನೇ. ಮದುವೆ ಮನೆಗಳಲ್ಲಿ ಎಲ್ಲರಿಗೂ ಕಾಣುವಂತೆ ಕುಡಿದು, ಹುಡುಗರಿಗೆ ಬುದ್ಧಿ ಹೇಳಿಯೇ ಏಳುತ್ತಿದ್ದ.

ಹೋದ ವರ್ಷ ಮೇಘಶ್ರೀಗೆ ಬಾಣಾವರದ ಉಮಾಶಂಕರನ ಮಗನ ಜೊತೆ ಮಾತುಕತೆ ಮುಗಿದಿತ್ತು. ಇದ್ದಕ್ಕಿದ್ದಂತೆ ಅವರು ಬೇಡವೆಂದರು. ಹುಡುಗಿ ಬೀದಿಯಲ್ಲಿ ನಿಂತು ಮೊಟ್ಟೆ ನೂಡಲ್ಸ್ ತಿನ್ನುತ್ತಾಳಂತೆ, ಷಡಕ್ಷರಪ್ಪನವರೇ ಕಣ್ಣಾರೆ ನೋಡಿದರಂತೆ! ಅವಳು ಜೊತೆಯ ಟೀಚರುಗಳೊಂದಿಗೆ ಗಾಡಿಯಲ್ಲಿ ತಿಂದದ್ದು ನಿಜ, ಆದರೆ ಅದು ಎಲೆಕೋಸು, ಕ್ಯಾರೆಟ್ ಹಾಕಿದ ವೆಜ್ ನೂಡಲ್ಸ್. ಅದನ್ನು ಯಾರು ಕೇಳುತ್ತಾರೆ? ಹುಡುಗಿ ಸ್ಕೂಲು ಬಿಟ್ಟರೆ ಮನೆ ಎಂಬಂತಾದಳು. ತಾಯಿಯ ಅಂಗಡಿಗೆ ಬರುವುದನ್ನೂ ನಿಲ್ಲಿಸಿದಳು. ರುದ್ರಮ್ಮ ಆ ಸಿಟ್ಟನ್ನೂ ಎತ್ತಿಟ್ಟುಕೊಂಡಳು.

ಆ ನೂಡಲ್ಸ್ ಗಾಡಿ ಕಣಕಟ್ಟೆಯ ಉದಯಕುಮಾರನದು, ಅದೇ ಸ್ಟೇಷನ್ ರಸ್ತೆಯಲ್ಲಿ ನಿಲ್ಲುತ್ತಿತ್ತು. ಸಂಜೆ ಒಲೆ ಹಚ್ಚುವ ಮುಂಚೆ ಗಾಡಿಗೆ ಪೂಜೆ ಮಾಡಲು ರುದ್ರಮ್ಮನಲ್ಲೇ ಊದಿನಕಡ್ಡಿ ಕೊಳ್ಳುತ್ತಿದ್ದ. ಚಳಿಗಾಲದ ಒಂದು ಸಂಜೆ ನಗುತ್ತಾ ಬಂದ.

"ಅಕ್ಕ, ನಮ್ ಗಾಡಿಗೆ ಎಂತೆಂತೋರು ಬತ್ತಾರೆ ಗೊತ್ತಾ? ಒಬ್ರು ಯಜಮಾನ್ರು ಅವ್ರೆ. ಚಳಿ ಇರ್ಲಿ ಬಿಡ್ಲಿ, ಮಂಕಿ ಕ್ಯಾಪು. ಗಾಡಿ ಹಿಂದೆ ನಿಂತ್ಕೊಂಡು ಎಗ್ ನೂಡಲ್ಸ್ ತಿಂತಾರೆ. ಆಮೇಲೆ ತಟ್ಟೇಗೆ ನೀರ್ ಹಾಕಿ, ಬೆರಳಲ್ಲಿ ಬಳ್ದು, ಗಟಗಟ ಕುಡೀತಾರೆ ಕಣಕ್ಕ! ತಟ್ಟೆ ಮೇಲೆ ಪ್ಲಾಸ್ಟಿಕ್ ಹಾಳೆ ಇರ್ತೈತೆ, ಆದ್ರೂ ಬಿಡಕ್ಕಿಲ್ಲ."

ಊದಿನಕಡ್ಡಿಯ ಕಟ್ಟು ರುದ್ರಮ್ಮನ ಕೈಯಲ್ಲೇ ಉಳಿಯಿತು. ಕಣ್ಣಾರೆ ನೋಡಿದನಂತೆ! ಎಲ್ಲಿಂದ ನೋಡಿದ್ದನೆಂದು ಈಗ ತಿಳಿಯಿತು. ಗಾಡಿಯ ಹಿಂದಿನಿಂದ, ಕೈಯಲ್ಲಿ ಮೊಟ್ಟೆಯ ತಟ್ಟೆ ಹಿಡಿದುಕೊಂಡು. ಹುಡುಗಿ ತನ್ನನ್ನು ನೋಡಿಬಿಟ್ಟಳೇನೋ ಎಂಬ ಭಯಕ್ಕೆ ಮೊದಲು ತಾನೇ ಅವಳ ಮೇಲೆ ಹೊರಿಸಿದ್ದ. ರುದ್ರಮ್ಮನ ಸಿಟ್ಟು ಉರಿದೆದ್ದಿತು. ಆ ಉರಿಯ ನಡುವೆಯೂ ಸಂತೋಷವಾಯಿತು, ಸುಳ್ಳೇಕೆ. ಆದರೂ ಅವನ ಹೆಸರನ್ನು ಉದಯಕುಮಾರನಿಗೆ ಹೇಳಲಿಲ್ಲ.

ಮಾರನೆಯ ಸಂಜೆ ಅಂಗಡಿಯಿಂದಲೇ ಕಣ್ಣಿಟ್ಟಿದ್ದು, ಮಂಕಿ ಕ್ಯಾಪ್ ಕಂಡೊಡನೆ ಗಾಡಿಯ ಹಿಂದೆ ಹೋದಳು. ಉದಯಕುಮಾರ ಮುಂದಿನ ಗಿರಾಕಿಗಳಲ್ಲಿ ಮುಳುಗಿದ್ದ. ಷಡಕ್ಷರಪ್ಪ ನೀರಿನ ತಟ್ಟೆಯನ್ನು ತುಟಿಗಿಟ್ಟಿದ್ದ.

"ಶರಣು ಭಾವನೋರೆ. ಪ್ರಸಾದ ಆಯ್ತಾ?"

ಅವನಿಗೆ ನೀರು ನೆತ್ತಿಗೇರಿತು. ಕೆಮ್ಮಿ ಕೆಮ್ಮಿ, "ಡಾಕ್ಟ್ರು ತಿನ್ನು ಅಂದವ್ರೆ ಕಣಮ್ಮ. ಯಾರ್ಗೂ ಹೇಳ್ಬ್ಯಾಡ. ನಿನ್ ಮಗೀಗೆ ಬ್ಯಾರೆ ಗಂಡು ನಾನೇ ನೋಡ್ತೀನಿ" ಎಂದ.

"ನೀವ್ ನೋಡಿದ್ದು ಸಾಕು. ನನ್ ಮಗಳ್ಗೆ ಬಿಟ್ರೆ ನಾನು ಯಾರ್ಗೂ ಹೇಳಕ್ಕಿಲ್ಲ, ಆಣೆ. ಆದ್ರೆ ಮುಂದಿನ ಹರಾಜಿನ ದಿನ ಬೆಳಕಿರೋವಾಗ್ಲೇ ಇಲ್ಲಿಗೆ ಬರ್ಬೇಕು. ಟೋಪಿ ಬ್ಯಾಡ. ನನ್ ಮಗಳ ಪಕ್ಕ ನಿಂತ್ಕೊಂಡು ಒಂದ್ ಪ್ಲೇಟು ವೆಜ್ ನೂಡಲ್ಸ್ ತಿನ್ಬೇಕು. ಬರ್ದಿದ್ರೆ ನಾನು ಮಠಕ್ಕೋಗ್ತೀನಿ."

ಕೊಬ್ಬರಿ ಹರಾಜಿನ ದಿನ ಬಾಣಾವರದ ವ್ಯಾಪಾರಸ್ಥರೆಲ್ಲ ಅರಸೀಕೆರೆಯಲ್ಲಿರುತ್ತಾರೆ. ಆ ಸಂಜೆ ಬರಲಾರೆನೆಂದು ಹಟ ಹಿಡಿದಿದ್ದ ಮೇಘಶ್ರೀ, ತಾಯಿ ಎಲ್ಲ ಹೇಳಿದ ಮೇಲೆ ಎದ್ದು ಮುಖ ತೊಳೆದು ಹಬ್ಬದ ಚೂಡಿದಾರ ಹಾಕಿಕೊಂಡಳು. ಷಡಕ್ಷರಪ್ಪನೂ ಬಂದ. ರುದ್ರಮ್ಮನೇ ಮುಂದೆ ನಿಂತು ಎರಡು ವೆಜ್ ನೂಡಲ್ಸ್ ಹೇಳಿದಳು. ಅವನು ಕಷಾಯ ಕುಡಿಯುವವನಂತೆ ಮುಖ ಹಿಂಡಿಕೊಂಡು ತಿನ್ನತೊಡಗಿದ. ಹೋಗುವವರೆಲ್ಲ ನಿಂತು ನೋಡಿದರು, ಉಮಾಶಂಕರನೂ ನಿಂತ.

"ಏನ್ ಷಡಕ್ಷರಪ್ನೋರೆ, ಈ ಗಾಡೀಲಿ ನೀವಾ?"

"ವೆಜ್ಜೂ ಮಾಡ್ತಾರೆ ಇಲ್ಲಿ..."

"ಹಂಗಾದ್ರೆ ಅವತ್ತು ಹುಡುಗಿ ತಿಂದಿದ್ದು?"

ಷಡಕ್ಷರಪ್ಪ ರುದ್ರಮ್ಮನ ಕಡೆ ನೋಡಿದ. ಅವಳು ರೆಪ್ಪೆ ಮಿಟುಕಿಸಲಿಲ್ಲ.

"ಅದೂ ವೆಜ್ಜೇ" ಎಂದು ಗೊಣಗಿ, ತಟ್ಟೆಯನ್ನು ಬಕೆಟ್ಟಿಗೆ ಹಾಕಲು ಹೋದ. ಮೇಘಶ್ರೀ ಗಾಡಿಯ ಮೇಲಿನ ಜಗ್ ಎತ್ತಿ ಆ ತಟ್ಟೆಗೆ ನೀರು ಸುರಿದಳು.

"ಪದ್ಧತಿ ಬಿಡ್ತೀರಾ ದೊಡ್ಡಪ್ಪ?"

ಇಷ್ಟು ಜನರ ಮುಂದೆ ಬಿಡುವುದು ಹೇಗೆ? ಅವನು ಬೆರಳಲ್ಲಿ ಬಳಿದು, ತಟ್ಟೆಯೆತ್ತಿ ಗಟಗಟನೆ ಕುಡಿದ. ಬಾಣಲೆ ಕೆದಕುತ್ತಿದ್ದ ಉದಯಕುಮಾರ ಕೈ ನಿಲ್ಲಿಸಿ ಬಾಯಿ ತೆರೆದ.

"ಅಯ್ಯೋ, ಮಂಕಿ ಕ್ಯಾಪ್ ಯಜಮಾನ್ರು ನೀವೇನಾ! ಇವತ್ಯಾಕೆ ಮೊಟ್ಟೆ ಬ್ಯಾಡ ಅಂದ್ರಿ?"

ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ರಸ್ತೆ ನಕ್ಕಿತು. ಉಮಾಶಂಕರ ಏನೋ ಹೇಳಲು ಮೇಘಶ್ರೀಯ ಕಡೆ ಬಂದ. ಅವಳು ಬೆನ್ನು ತಿರುಗಿಸಿ ತನ್ನ ತಟ್ಟೆ ಖಾಲಿ ಮಾಡುತ್ತಿದ್ದಳು. ರುದ್ರಮ್ಮ ಕೊಟ್ಟ ಮಾತು ಉಳಿಸಿಕೊಂಡಿದ್ದಳು, ಅವಳಾಗಿ ಗಾಡಿಯವನಿಗಾಗಲಿ ಊರವರಿಗಾಗಲಿ ಒಂದು ಮಾತೂ ಹೇಳಿರಲಿಲ್ಲ.

"ಇನ್ನೊಂದ್ ಪ್ಲೇಟ್ ಕೊಡಪ್ಪ" ಎಂದಳು. "ನಂಗೂ ಹಸಿವಾಗೈತೆ."