ಆರೂ ಒಂದರ ಲೈಕು

ದಿನವೂ ಬೆಳಿಗ್ಗೆ ಆರಕ್ಕೆ, ನಾನಿನ್ನೂ ಹೊದಿಕೆಯೊಳಗೆ ಗೊರಕೆ ಹೊಡೆಯುತ್ತಿರುವಾಗಲೇ, ನನ್ನ ಬ್ಲಾಗಿನ ಹೊಸ ಬರಹ ತಾನಾಗಿಯೇ ಎದ್ದು ಫೇಸ್‌ಬುಕ್ಕಿಗೆ ಹೋಗಿ ಕೂರುತ್ತಿತ್ತು. ವಾರಕ್ಕಾಗುವಷ್ಟನ್ನು ಭಾನುವಾರವೇ ಬರೆದಿಟ್ಟು, ತಾನಾಗಿ ಹಂಚುವ ಒಂದು ಯಂತ್ರದಿಂದ ಬ್ಲಾಗಿಗೂ ಫೇಸ್‌ಬುಕ್ಕಿಗೂ ಒಮ್ಮೆ ಗಂಟು ಹಾಕಿದರೆ ಮುಗಿಯಿತು. ಪ್ರತಿ ಬರಹದ ನೆತ್ತಿಗೆ ‘ಓದಿರಿ, ನಗಿರಿ, ನಾಲ್ಕು ಜನರಿಗೆ ಹಂಚಿರಿ’ ಎಂಬ ಸಾಲನ್ನೂ ಆ ಯಂತ್ರವೇ ಅಂಟಿಸುತ್ತಿತ್ತು. ಇಂಡಿ ಎಂಬ ಊರಿನ ನಿವೃತ್ತ ಭೂಗೋಳದ ಮಾಸ್ತರನೊಬ್ಬ ನಿದ್ರಾವಸ್ಥೆಯಲ್ಲೇ ಸಾಹಿತ್ಯಸೇವೆ ಮಾಡುವುದು ಸಾಮಾನ್ಯ ಸಾಧನೆಯಲ್ಲವೆಂದು ನಾನು ಬೀಗುತ್ತಿದ್ದೆ. ಓದುಗರೂ ಅದೇ ಅವಸ್ಥೆಯಲ್ಲಿ ಓದುತ್ತಿದ್ದರೇನೋ, ಆ ಮಾತು ಬೇರೆ.

ಮೊದಲ ಲೈಕು ಮಾತ್ರ ಒಂದೇ ನಿಮಿಷದಲ್ಲಿ, ಆರೂ ಒಂದಕ್ಕೆ ಬಿದ್ದೇ ಬೀಳುತ್ತಿತ್ತು. ಅದು ಸಿಂದಗಿಯಲ್ಲಿದ್ದ ನನ್ನ ತಂಗಿ ಶಾಂತವ್ವನದು. ಅದನ್ನು ಕಂಡರೆ ಸಾಕು, ತಂಗಿ ಎದ್ದಿದ್ದಾಳೆ, ಆರಾಮಾಗಿದ್ದಾಳೆ ಎಂದು ಮನಸ್ಸು ನಿಶ್ಚಿಂತವಾಗುತ್ತಿತ್ತು. ದೂರದ ಮುದ್ದೇಬಿಹಾಳದಲ್ಲಿ ನೌಕರಿಯಲ್ಲಿದ್ದಾಗ ತಿಂಗಳಿಗೊಮ್ಮೆ ಆಕೆಯ ಮನೆಗೆ ಹೋಗುತ್ತಿದ್ದವನು, ನಿವೃತ್ತನಾಗಿ ಹತ್ತಿರದ ಇಂಡಿಗೆ ಬಂದ ಮೇಲೆ ಹೋಗುವುದನ್ನೇ ಬಿಟ್ಟಿದ್ದೆ.

ಹೋದ ಬೇಸಿಗೆಯಲ್ಲಿ ಆಕೆಯೇ ಫೋನು ಮಾಡಿದ್ದಳು. “ಅಣ್ಣಾ, ಉಪ್ಪಿನಕಾಯಿ ಭರಣಿ ತಳಾ ಕಂಡೈತಿ. ನಿಮ್ಮೂರ ನಿಂಬಿಹಣ್ಣು ತಗೊಂಡು ಒಮ್ಮಿ ಬಂದು ಹೋಗೋ.” ನಾನೇನು ಮಾಡಿದೆ ಗೊತ್ತೇ? ನಿಂಬೆಹಣ್ಣಿನ ವರ್ಣ, ಗಂಧ, ರಸಗಳನ್ನು ಕೊಂಡಾಡಿ ಒಂದು ಪ್ರಬಂಧ ಬರೆದೆ. ಯಂತ್ರ ಅದನ್ನು ಯಥಾಪ್ರಕಾರ ಹಂಚಿತು, ಆರೂ ಒಂದಕ್ಕೆ ಲೈಕು ಬಂತು, ತಂಗಿಗೆ ನಿಂಬೆಹಣ್ಣನ್ನೇ ಮುಟ್ಟಿಸಿದಷ್ಟು ತೃಪ್ತಿ ನನಗಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಆಕೆಯ ಗಂಡನ ಫೋನು ಬಂತು: ಶಾಂತವ್ವ ಹೋಗಿಬಿಟ್ಟಿದ್ದಳು. ಸಿಕ್ಕ ಬಸ್ಸು ಹಿಡಿದು ಓಡಿದೆ. ಮರುದಿನ ಬೆಳಗಿನಲ್ಲಿ, ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದ ಆಕೆಯ ಸುತ್ತ ನಾವೆಲ್ಲ ಕುಳಿತಿರುವಾಗ, ಗೋಡೆಯ ಗೂಡಿನಲ್ಲಿದ್ದ ಆಕೆಯ ಫೋನು ಟಣ್ ಎಂದಿತು. ಆರು ಗಂಟೆ. ಬಸ್ಸಿನ ಕಿಟಕಿ ಸೀಟಿನ ಜಗಳದ ಮೇಲೆ ನಾನು ಬರೆದಿಟ್ಟಿದ್ದ ಹರಟೆ, ನೆತ್ತಿಯ ಮೇಲೆ ‘ಓದಿರಿ, ನಗಿರಿ’. ಆಕೆಯ ಗಂಡ ಎದ್ದು, ಕಣ್ಣೊರೆಸಿಕೊಂಡು, ಅದಕ್ಕೊಂದು ಲೈಕು ಒತ್ತಿ, ಮತ್ತೆ ಬಂದು ಕುಳಿತರು.

ನಾನು ಅವರ ಮುಖವನ್ನೇ ನೋಡಿದೆ. “ರೂಢಿ ಆಗೈತ್ರಿ,” ಎಂದರು. “ಆಕಿ ಹಾಸಿಗಿ ಹಿಡದು ಎರಡ ತಿಂಗಳಾತು. ಕೈ ಏಳ್ತಿದ್ದಿಲ್ಲ. ‘ನೀವ ಒತ್ತಿಬಿಡ್ರಿ, ಇಲ್ಲಂದ್ರ ಅಣ್ಣ ಗಾಬರಿ ಆಗ್ತಾನ’ ಅಂತಿದ್ಲು.”

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಾಕ ಬಿಡಲಿಲ್ರಿ. ‘ಪಾಪ, ದಿನಾ ಬರಿತಾನ, ಅವಗ ಪುರಸೊತ್ತ ಎಲ್ಲೈತಿ’ ಅಂದ್ಲು.”

ಭಾನುವಾರ ಬರೆದಿಟ್ಟು ಉಳಿದ ಆರು ದಿನ ಕಟ್ಟೆಯ ಮೇಲೆ ಹರಟುತ್ತ ಕೂರುತ್ತಿದ್ದವನ ಬಗ್ಗೆ ಆಕೆ ಆಡಿದ ಮಾತದು. ಅಳು ಬಂತು, ಆದರೆ ಅಳುವುದಕ್ಕೂ ನಾಚಿಕೆಯಾಯಿತು. ನೀರು ಕುಡಿಯಲೆಂದು ಅಡುಗೆಮನೆಗೆ ಹೋದರೆ, ಉಪ್ಪಿನಕಾಯಿ ಭರಣಿಯನ್ನು ತೊಳೆದು ಬೋರಲು ಹಾಕಿಟ್ಟಿದ್ದರು.

ಬ್ಲಾಗಿಗೂ ಫೇಸ್‌ಬುಕ್ಕಿಗೂ ಹಾಕಿದ್ದ ಆ ಗಂಟನ್ನು ಬಿಚ್ಚಿದ್ದೇನೆ. ಈಗ ಆರಕ್ಕೆ ನಾನೇ ಎದ್ದು, ನೆತ್ತಿಯ ಸಾಲಿಲ್ಲದೆ, ಕೈಯಾರೆ ಹಾಕುತ್ತೇನೆ. ಇವತ್ತೂ ಹಾಕಿದೆ. ಆರೂ ಒಂದಕ್ಕೆ ಶಾಂತವ್ವನ ಹೆಸರಿನಿಂದ ಲೈಕು ಬಂತು. ಆಕೆಯ ಗಂಡ ಎದ್ದಿದ್ದಾರೆ, ಆರಾಮಾಗಿದ್ದಾರೆ ಎಂದು ಅದರ ಅರ್ಥವಿರಬಹುದು. ಆದರೆ ನಂಬಿ ಕೂರುವ ಧೈರ್ಯ ಈಗ ನನಗಿಲ್ಲ. ನಿಂಬೆಹಣ್ಣಿನ ಚೀಲ ಹಿಡಿದು ಸಿಂದಗಿ ಬಸ್ಸಿಗೆ ನಿಂತಿದ್ದೇನೆ.