ತುಳು ಬಾರದ ಮಾಸ್ಟ್ರು

ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೀನುಗಾರರಿಗೆ ಯಂತ್ರದ ದೋಣಿ ನಡೆಸಲು ಕಲಿಸುವ ಸರ್ಕಾರಿ ತರಬೇತಿಯಲ್ಲಿ ನಾನು ಮಾಸ್ಟ್ರಾಗಿದ್ದೆ. ಕಲಿಯುವವರೆಲ್ಲ ನನಗಿಂತ ಹಿರಿಯರು. ನನಗೋ ಇಪ್ಪತ್ತನಾಲ್ಕು ವರ್ಷ, ಇಸ್ತ್ರಿ ಹಾಕಿದ ಪ್ಯಾಂಟು, ಊರಿಡೀ ಹಂಚಿದರೂ ಮಿಗುವಷ್ಟು ಜಂಬ. ನಮ್ಮ ಮನೆಮಾತು ತುಳು. ಅಮ್ಮನಿಗೆ ಬೇರೆ ಭಾಷೆಯೇ ಬಾರದು. ಆದರೆ ಘಟ್ಟದ ಮೇಲೆ ಎರಡು ವರ್ಷ ಓದಿ ಬಂದ ನಾನು ತರಗತಿಯಲ್ಲಿ ಒಂದು ತುಳು ಮಾತೂ ಆಡುತ್ತಿರಲಿಲ್ಲ. ಕನ್ನಡದಲ್ಲೂ ನಮ್ಮೂರಿನ "ಎಂತ" ಬಿಟ್ಟು "ಏನು" ಅನ್ನುತ್ತಿದ್ದೆ. ಬೆಂಗಳೂರು ಕಡೆಯವನೆಂದು ಅವರು ತಿಳಿದರು. ನಾನು ತಿದ್ದಲಿಲ್ಲ, ಒಳಗೊಳಗೇ ಖುಷಿಪಟ್ಟೆ.

ಅವರಲ್ಲಿ ಹೊಳೆಯಾಚೆಯ ಬೆಂಗ್ರೆ ಊರಿನವರೊಬ್ಬರಿದ್ದರು, ನಲವತ್ತು ದಾಟಿದವರು. ಹುಟ್ಟು ಹಾಕಿ ಹಾಕಿ ಬಲಭುಜ ಕೆಟ್ಟು, ಬಲೆ ಎಳೆಯಲು ಆಗುತ್ತಿರಲಿಲ್ಲ. ಸರ್ಟಿಫಿಕೇಟು ತಂದರೆ ತಮ್ಮ ಹೊಸ ಬೋಟಿಗೆ ಡ್ರೈವರಾಗಿ ತೆಗೆದುಕೊಳ್ಳುವುದಾಗಿ ಬಂದರಿನ ಸಾಹುಕಾರರೊಬ್ಬರು ಮಾತು ಕೊಟ್ಟಿದ್ದರು. ಅದು ತಪ್ಪಿದರೆ ಅವರಿಗೆ ಬೇರೆ ದಾರಿಯಿರಲಿಲ್ಲ. ನನ್ನ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿತ್ತು. ಉಳಿದದ್ದನ್ನು ಮುಟ್ಟಿ, ಕಿವಿಗೊಟ್ಟು ಕಲಿತರು. ಒಮ್ಮೆ ಅಳಿವೆಯ ಹತ್ತಿರ ಎಂಜಿನ್ ಬಿಸಿಯಾಗಿ ನಾನು ಪುಸ್ತಕ ತಿರುವುತ್ತಿದ್ದಾಗ, ನೀರು ಎಳೆಯುವ ಕೊಳವೆಗೆ ಸಿಕ್ಕಿದ್ದ ಕಸ ಕಿತ್ತು ಸರಿಮಾಡಿದವರು ಅವರೇ.

ಪರೀಕ್ಷೆಗೆ ಬೆಂಗಳೂರಿನಿಂದ ಅಧಿಕಾರಿ ಬಂದರು. ಬೆಂಗ್ರೆಯವರನ್ನು ಕೇಳಿದ್ದೂ ಅದನ್ನೇ: ಎಂಜಿನ್ ಬಿಸಿಯಾದರೆ ಏನು ಮಾಡುತ್ತೀರಿ? ಅವರ ಮುಖ ಅರಳಿತು. "ಸುರುಟು ಎಂಜಿನ್ ಉಂತಾವೊಡು," ಎಂದು ಶುರುಮಾಡಿ, ಮೊದಲು ಎಂಜಿನ್ ನಿಲ್ಲಿಸುವುದರಿಂದ ಹಿಡಿದು ಕೊಳವೆ ತೊಳೆಯುವವರೆಗೆ ಎಲ್ಲವನ್ನೂ ತುಳುವಿನಲ್ಲಿ ಹೇಳಿದರು. ಒಂದೂ ತಪ್ಪಿರಲಿಲ್ಲ.

ಅಧಿಕಾರಿ ನನ್ನತ್ತ ತಿರುಗಿದರು. "ಏನ್ರೀ ಇದು? ನಿಮಗೇನಾದ್ರೂ ಅರ್ಥ ಆಯ್ತಾ?"

"ಇಲ್ಲ ಸಾರ್," ಎಂದೆ.

ಯಾಕೆ ಹಾಗೆಂದೆ? ಹೆದರಿಕೆಯಿಂದಲ್ಲ. ಆ ಅಧಿಕಾರಿ ಬೆಳಗ್ಗೆ ನನ್ನ ಕನ್ನಡವನ್ನು ಹೊಗಳಿದ್ದರು, ಅಷ್ಟೇ ಕಾರಣ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಬೆಂಗ್ರೆಯವರು ಫೇಲಾದರು.

ಸಂಜೆ ಗೇಟಿನ ಹತ್ತಿರ ನನಗಾಗಿ ಕಾದು ನಿಂತಿದ್ದರು. ನಾಲ್ಕು ಬೈದುಬಿಟ್ಟರೆ ಸಾಕು ಅನ್ನಿಸಿತು.

"ಬೇಜಾರು ಮಾಡ್ಬೇಡಿ ಮಾಸ್ಟ್ರೇ," ಎಂದರು, ತಡವರಿಸುವ ಕನ್ನಡದಲ್ಲಿ. "ನಿಮ್ಮದು ತಪ್ಪು ಎಂತ ಉಂಟು? ತುಳು ಬರ್ತಿದ್ರೆ ನೀವು ಹೇಳ್ತಿದ್ರಿ. ನನಗೆ ಗೊತ್ತುಂಟು."

ಅಧಿಕಾರಿ ಇನ್ನೂ ಒಳಗೇ ಇದ್ದರು. ಆಗಲಾದರೂ ಬಾಯಿಬಿಡಬಹುದಿತ್ತು.

"ಹೌದು," ಎಂದೆ. ಅದನ್ನೂ ಕನ್ನಡದಲ್ಲೇ.