ಕರಾವಳಿ ಗ್ರೂಪಿಗೆ ಹಾಕಿದ ಸಂಖ್ಯೆ

ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಮಂಗಳೂರಿನ ಕ್ಯಾಥೊಲಿಕ್ ಹೆಂಗಸೊಬ್ಬರಿದ್ದಾರೆ. ಊರಿನ ರೂಢಿಯಂತೆ ನಾನು ಅವರನ್ನು ಬಾಯಮ್ಮ ಎಂದೇ ಕರೆಯುವುದು. ಮಗಳು ಹುಟ್ಟಿದಾಗ ಉಡುಪಿಯಲ್ಲಿದ್ದ ಅಮ್ಮನಿಗೆ ವೀಸಾ ಸಿಗಲಿಲ್ಲ. ನನ್ನ ಬಾಣಂತನ ಮಾಡಿದ್ದು ಬಾಯಮ್ಮ. ಎಣ್ಣೆ ಹಚ್ಚಿ, ಮೈ ಕೆಂಪಾಗುವಷ್ಟು ಬಿಸಿನೀರು ಹೊಯ್ದು, ನಲವತ್ತು ದಿನ ನನ್ನ ಗೊಣಗಾಟ ಸಹಿಸಿಕೊಂಡವರು.

ಕಳೆದ ವರ್ಷ ಒಂದು ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಚರ್ಚಿಗೆ ಹೋಗುವ ಸಹೋದ್ಯೋಗಿಯೊಬ್ಬ ನಮ್ಮ ಜಾತಿ, ಸತಿ ಪದ್ಧತಿ ಎಂದೆಲ್ಲ ಕೆಣಕಿದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಇಂಗ್ಲಿಷಿನಲ್ಲಿ ಜಗಳವಾಡಲು ಬರುವುದಿಲ್ಲ. ಮನೆಗೆ ಬರುವ ಟ್ರೇನಿನಲ್ಲಿ ಫೋನ್ ಹಿಡಿದು ಹುಡುಕಿದೆ. ಧರ್ಮದ ಹೆಸರಿನಲ್ಲಿ ಚರ್ಚು ಶತಮಾನಗಳ ಕಾಲ ಕೊಂದವರ ಸಂಖ್ಯೆ ಎಂದು ಒಂದು ಪೋಸ್ಟ್ ಸಿಕ್ಕಿತು. ಅಂಕಿಯ ಮುಂದೆ ಸೊನ್ನೆಗಳ ಸಾಲು. ಯಾರು ಎಣಿಸಿದರು, ಹೇಗೆ ಎಣಿಸಿದರು ಎಂಬುದು ಅದರಲ್ಲಿ ಇರಲಿಲ್ಲ, ನಾನೂ ವಿಚಾರಿಸಲು ಹೋಗಲಿಲ್ಲ. ‘ಇವರು ನಮಗೆ ಬುದ್ಧಿ ಹೇಳುವವರು’ ಎಂದು ಮೇಲೊಂದು ಸಾಲು ಬರೆದು, ಮೆಲ್ಬರ್ನಿನ ನಮ್ಮ ಕರಾವಳಿಯವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿಬಿಟ್ಟೆ. ಇಳಿಯುವುದರೊಳಗೆ ಹೆಬ್ಬೆರಳುಗಳ ಸುರಿಮಳೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮನೆ ತಲುಪಿ ನೋಡಿದರೆ ಬಾಯಮ್ಮ ಗ್ರೂಪ್ ಬಿಟ್ಟಿದ್ದರು. ಈ ದೇಶದಲ್ಲಿ ನನಗೆ ಅಮ್ಮ ಅಂತ ಇದ್ದದ್ದು ಅವರೊಬ್ಬರೇ.

ಮರುದಿನ ಬೆಳಿಗ್ಗೆಯೇ ಹೋದೆ. ಅವರು ಒಳಗೆ ಕರೆದು ಕೂರಿಸಿ, ಬಸಳೆ ಬಿಡಿಸುವುದನ್ನು ಮುಂದುವರಿಸಿದರು.

“ನಮ್ಮ ಹಿರಿಯರು ಪೋರ್ಚುಗೀಸರ ಕಾಲದಲ್ಲಿ ಗೋವಾದಿಂದ ಮಂಗಳೂರಿಗೆ ಓಡಿ ಬಂದದ್ದು ಯಾಕೆ ಗೊತ್ತುಂಟಾ? ಕ್ರಿಶ್ಚಿಯನ್ ಆದ ಮೇಲೂ ಅನ್ನಕ್ಕೆ ಉಪ್ಪು ಹಾಕದೆ ಬೇಯಿಸಿದ್ರೆ, ಹಳೇ ಹಿಂದೂ ಪದ್ಧತಿ ಬಿಡ್ಲಿಲ್ಲ ಅಂತ ಚರ್ಚಿನವರೇ ಹಿಡ್ಕೊಂಡು ಹೋಗ್ತಿದ್ರಂತೆ. ನನ್ನ ಅಜ್ಜಿ ಹೇಳ್ತಿದ್ರು. ನೀವು ಹಾಕಿದ ಆ ಲೆಕ್ಕದಲ್ಲಿ ಸತ್ತ ನಮ್ಮವರೂ ಇದ್ದಾರೆ ಮಾರಾಯ್ರೆ.”

“ತಪ್ಪಾಯ್ತು ಬಾಯಮ್ಮ. ನೀವು ಗ್ರೂಪಲ್ಲಿ ಇದ್ದದ್ದು ಮರ್ತೇ ಹೋಯ್ತು,” ಎಂದೆ.

ಅವರ ಕೈ ನಿಂತಿತು. “ನೆನಪಿದ್ದಿದ್ರೆ ಎಂತ ಮಾಡ್ತಿದ್ರಿ? ನಾನಿಲ್ಲದ ಬೇರೆ ಗ್ರೂಪಿಗೆ ಹಾಕ್ತಿದ್ರಿ. ಅಷ್ಟೇ ಅಲ್ವಾ?”

ಅಲ್ಲ ಎನ್ನಲು ಹೊರಟೆ. ಆದರೆ ನೆನಪಿದ್ದಿದ್ದರೆ ಹಾಗೆಯೇ ಮಾಡುತ್ತಿದ್ದೆ.

ಈಗಲೂ ಅವರು ನಮ್ಮ ಮನೆಗೆ ಬರುತ್ತಾರೆ, ಮಗಳಿಗೆ ಜಡೆ ಹಾಕುತ್ತಾರೆ, ನನಗೆ ಬೈಯುತ್ತಾರೆ. ಹನ್ನೊಂದು ವರ್ಷ ಕೇಳದೆ ಬರುತ್ತಿದ್ದವರು ಈಗ ಮೊದಲು ಫೋನ್ ಮಾಡಿ, “ಬರಬಹುದಾ?” ಎಂದು ಕೇಳುತ್ತಾರೆ.